ಬಳ್ಳಾರಿಯಿಂದ ಲೈಸೆನ್ಸ್ ಬಂದೂಕಿನ ಜೊತೆ ವಿಮಾನ ಹತ್ತುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ಕಡೆ ಲೈಸೆನ್ಸ್ ಬಂದೂಕು ಇಟ್ಟುಕೊಂಡವರು ಕಮ್ಮಿಯೇನಿಲ್ಲ. ಗಣಿ ವ್ಯವಹಾರದವರು, ಹಂದಿ ಕಾಟಕ್ಕೆ ಹೊಲ ಕಾಯುವ ರೈತರು, ಸೈನ್ಯದಿಂದ ಬಂದು ಬ್ಯಾಂಕಿನಲ್ಲಿ ಗನ್‌ಮ್ಯಾನ್ ಆದವರು, ಈಚೆಗೆ ಏರ್ ರೈಫಲ್ ಕಲಿಯುತ್ತಿರುವ ಶಾಲೆ ಮಕ್ಕಳು. ಇವರಿಗೆ ವಿಮಾನ ಹತ್ತುವ ಪ್ರಸಂಗ ಬಂದಾಗ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಎಲ್ಲರಿಗೂ ಹೆದರಿಕೆ ಇರುವುದು ಏರ್‌ಪೋರ್ಟ್ ಬಗ್ಗೆ. ನಿಜವಾಗಿ ಸಿಕ್ಕಿಹಾಕಿಕೊಳ್ಳುವುದು ಮಾತ್ರ ಅದಕ್ಕೂ ಮುಂಚೆ, ನಮ್ಮ ಊರಿನ ರಸ್ತೆಯಲ್ಲೇ.

ಬಂದೂಕನ್ನು ವಿಮಾನದಲ್ಲಿ ಒಯ್ಯೋಕೆ ಬಿಡ್ತಾರಾ?

ಬಿಡುತ್ತಾರೆ. ಕೈಚೀಲದಲ್ಲಿ ಅಲ್ಲ, ಚೆಕ್-ಇನ್ ಲಗೇಜಿನಲ್ಲಿ. ಲೈಸೆನ್ಸ್ ಚಾಲ್ತಿಯಲ್ಲಿರಬೇಕು, ಬಂದೂಕು ಖಾಲಿ ಇರಬೇಕು, ಮೊದಲೇ ಹೇಳಿರಬೇಕು. ದೇಶದ ವಿಮಾನ ಭದ್ರತೆಯ ನಿಯಮ ಮಾಡುವುದು ಬ್ಯೂರೋ ಆಫ್ ಸಿವಿಲ್ ಏವಿಯೇಷನ್ ಸೆಕ್ಯುರಿಟಿ. ಬಂದೂಕಿನ ವಿಷಯ 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ನಿಯಮಗಳಿಗೆ ಸೇರಿದ್ದು. ಇವೆರಡರ ಮೇಲೆ ವಿಮಾನ ಕಂಪನಿಯ ಸ್ವಂತ ನಿಯಮ ಬೇರೆ. ಮೂರರಲ್ಲಿ ಒಂದು ಒಪ್ಪದಿದ್ದರೂ ಬಂದೂಕು ಮನೆಯಲ್ಲೇ ಉಳಿಯುತ್ತದೆ.

ನನ್ನ ಲೈಸೆನ್ಸ್ ಪಕ್ಕಾ ಇದೆ. ಮತ್ತೆ ಏನು ನೋಡಬೇಕು?

ಅದು ಎಲ್ಲಿಯವರೆಗೆ ನಡೆಯುತ್ತದೆ ಅನ್ನುವುದನ್ನು ನೋಡಿ. ಪ್ರತಿ ಲೈಸೆನ್ಸಿನಲ್ಲೂ ವ್ಯಾಪ್ತಿ ಬರೆದಿರುತ್ತದೆ. ಕೆಲವು ಜಿಲ್ಲೆಗಷ್ಟೇ, ಕೆಲವು ಇಡೀ ಕರ್ನಾಟಕಕ್ಕೆ, ಕೆಲವು ಪಕ್ಕದ ರಾಜ್ಯಗಳಿಗೂ ಸೇರಿ, ಇನ್ನು ಕೆಲವು ಇಡೀ ಭಾರತಕ್ಕೆ. ಹೆಚ್ಚಿನವರು ಲೈಸೆನ್ಸ್ ಕೈಗೆ ಬಂದ ದಿನ ತಮ್ಮ ಹೆಸರು, ಬಂದೂಕಿನ ನಂಬರ್ ನೋಡುತ್ತಾರೆ. ಈ ಸಾಲು ಓದುವುದೇ ಇಲ್ಲ.

ಕರ್ನಾಟಕಕ್ಕೆ ಮಾತ್ರ ಇರುವ ಲೈಸೆನ್ಸ್ ಹಿಡಿದು ದೆಹಲಿಯಲ್ಲಿ ಇಳಿದರೆ, ಇಳಿದ ಗಳಿಗೆಯಿಂದ ನಿಮ್ಮ ಕೈಯಲ್ಲಿರುವುದು ಲೈಸೆನ್ಸ್ ಇಲ್ಲದ ಬಂದೂಕು. ಲೈಸೆನ್ಸಿನ ಶರತ್ತು ಮುರಿದರೆ ಸೆಕ್ಷನ್ 30ರಲ್ಲಿ 6 ತಿಂಗಳವರೆಗೆ ಜೈಲು ಅಥವಾ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಲೈಸೆನ್ಸೇ ಇಲ್ಲ ಅಂತ ಸೆಕ್ಷನ್ 25 ಹಾಕಿದರೆ ಲೆಕ್ಕ ಬೇರೆಯೇ ಆಗುತ್ತದೆ. ಯಾವುದು ಹಾಕುತ್ತಾರೆ ಅನ್ನುವುದು ಆ ಊರಿನ ಪೊಲೀಸರ ಕೈಯಲ್ಲಿ. ಅಲ್ಲಿ ನಿಮ್ಮ ಕನ್ನಡವೂ ನಡೆಯುವುದಿಲ್ಲ, ನಿಮ್ಮ ಪರಿಚಯದ ಸಾಹೇಬರೂ ಇರುವುದಿಲ್ಲ.

ವ್ಯಾಪ್ತಿ ಸಾಲದಿದ್ದರೆ ಡಿಸಿ ಆಫೀಸಿನಲ್ಲಿ ವಿಸ್ತರಣೆಗೆ ಅರ್ಜಿ ಹಾಕಬೇಕು. ಕಾರಣ ಬರೆಯಬೇಕು, ಅದಕ್ಕೆ ಕಾಗದದ ಆಧಾರ ಕೊಡಬೇಕು. ಪೊಲೀಸ್ ವರದಿ ಬಂದ ಮೇಲೆಯೇ ಫೈಲ್ ಮುಂದೆ ಹೋಗುವುದು. ಟಿಕೆಟ್ ಬುಕ್ ಮಾಡಿ ಆಮೇಲೆ ಅರ್ಜಿ ಹಾಕುವವರನ್ನು ನೋಡಿದರೆ ನನಗೆ ಅಯ್ಯೋ ಅನಿಸುತ್ತದೆ. ಮೊದಲು ಲೈಸೆನ್ಸ್, ಆಮೇಲೆ ಟಿಕೆಟ್.

ವಿಮಾನ ಹತ್ತುವುದು ಬೆಂಗಳೂರಿನಲ್ಲಿ. ಅಲ್ಲಿವರೆಗೆ ನಮ್ಮದೇ ರಾಜ್ಯ ಅಲ್ವಾ?

ಅಲ್ಲ. ಬಳ್ಳಾರಿಯವರು ಎಡವುವುದೇ ಇಲ್ಲಿ.

ಹಂಪಿ ಎಕ್ಸ್‌ಪ್ರೆಸ್ ಹತ್ತಿ ಮಲಗಿದರೆ ಬೆಳಿಗ್ಗೆ ಬೆಂಗಳೂರು ನಿಜ. ಆದರೆ ನೀವು ಮಲಗಿದ್ದಾಗ ರೈಲು ಗುಂತಕಲ್, ಅನಂತಪುರ, ಧರ್ಮಾವರಂ ದಾಟಿರುತ್ತದೆ. ಅಷ್ಟೂ ಆಂಧ್ರ. ರಾಯದುರ್ಗದ ಕಡೆಯ ರೈಲು ಹಿಡಿದರೂ ಅಷ್ಟೇ, ರಾಯದುರ್ಗವೇ ಅನಂತಪುರ ಜಿಲ್ಲೆಗೆ ಸೇರಿದ್ದು. ಕಾರಿನಲ್ಲಿ ಚಳ್ಳಕೆರೆ, ಹಿರಿಯೂರು ಮೇಲೆ ಹೋಗುತ್ತೇನೆ ಅಂದರೆ ಹಲಕುಂದಿ ಬಿಟ್ಟ ಸ್ವಲ್ಪ ಹೊತ್ತಿಗೆ ಓಬಳಾಪುರಂ ಚೆಕ್‌ಪೋಸ್ಟ್ ಬರುತ್ತದೆ. ಆಂಧ್ರದ ಒಂದು ತುಂಡು ದಾಟಿ ಮತ್ತೆ ಕರ್ನಾಟಕಕ್ಕೆ, ರಾಂಪುರದ ಕಡೆಗೆ ಬರುತ್ತೀರಿ. 1953ರಲ್ಲಿ ಹಳೇ ಬಳ್ಳಾರಿ ಜಿಲ್ಲೆ ಒಡೆದು ಆದೋನಿ, ಆಲೂರು, ರಾಯದುರ್ಗ ಆ ಕಡೆ ಹೋದಾಗ ಯಾರೂ ಬಂದೂಕು ಲೈಸೆನ್ಸಿನ ಬಗ್ಗೆ ಯೋಚನೆ ಮಾಡಿರಲಿಕ್ಕಿಲ್ಲ!

ಕರ್ನಾಟಕ ವ್ಯಾಪ್ತಿಯ ಲೈಸೆನ್ಸ್ ಇದ್ದವರಿಗೆ ನಾನು ಹೇಳುವ ದಾರಿ ಒಂದೇ. ಹೊಸಪೇಟೆಗೆ ಹೋಗಿ, ಕೂಡ್ಲಿಗಿ ಮೇಲೆ ಚಿತ್ರದುರ್ಗ ಹಿಡಿಯಿರಿ. ರಾಷ್ಟ್ರೀಯ ಹೆದ್ದಾರಿ 50. ದೂರ ಸ್ವಲ್ಪ ಜಾಸ್ತಿ, ಆದರೆ ಪೂರ್ತಿ ನಮ್ಮ ನೆಲ.

"ಅರ್ಧ ತಾಸಿನ ದಾರಿಗೆ ಯಾರು ನೋಡ್ತಾರೆ" ಅಂತ ಕೇಳುವವರಿದ್ದಾರೆ. ಮಾಮೂಲಿ ದಿನ ಯಾರೂ ನೋಡದೇ ಇರಬಹುದು. ಚುನಾವಣೆ ಸಮಯದಲ್ಲಿ ಅದೇ ಚೆಕ್‌ಪೋಸ್ಟಿನಲ್ಲಿ ಡಿಕ್ಕಿ ತೆಗೆಸಿ ನೋಡುತ್ತಾರೆ.

ರಾಯಚೂರಿನವರ ಕಥೆ ಇನ್ನೂ ನೇರ. ಅವರಿಗೆ ಹತ್ತಿರದ ದೊಡ್ಡ ಏರ್‌ಪೋರ್ಟ್ ಹೈದರಾಬಾದಿನ ಶಂಷಾಬಾದ್. ಶಕ್ತಿನಗರದ ಕೃಷ್ಣಾ ಸೇತುವೆ ದಾಟಿದರೆ ತೆಲಂಗಾಣ. ತೆಲಂಗಾಣ ಸೇರದ ಲೈಸೆನ್ಸ್ ಇದ್ದರೆ ಆ ಏರ್‌ಪೋರ್ಟನ್ನು ಮರೆತುಬಿಡಿ. ಕೊಪ್ಪಳದವರು ಪುಣ್ಯವಂತರು, ಹುಬ್ಬಳ್ಳಿಗೆ ಹೋಗುವಾಗ ಯಾವ ಗಡಿಯೂ ಇಲ್ಲ.

ತೋರಣಗಲ್ಲಿನಿಂದಲೇ ಹತ್ತಬಹುದಲ್ಲ?

ಜಿಂದಾಲ್‌ನ ವಿದ್ಯಾನಗರ ಏರ್‌ಪೋರ್ಟ್ ಬಳ್ಳಾರಿಗೂ ಹೊಸಪೇಟೆಗೂ ನಡುವೆ ಇದೆ. ಉಡಾನ್ ಯೋಜನೆಯಲ್ಲಿ 2017ರಿಂದ ಅಲ್ಲಿ ಪ್ರಯಾಣಿಕರ ವಿಮಾನ ಶುರುವಾಯಿತು. ಕಂಪನಿ ಬದಲಾಗುತ್ತಿರುತ್ತದೆ, ವೇಳಾಪಟ್ಟಿಯೂ ಬದಲಾಗುತ್ತಿರುತ್ತದೆ. ಚಿಕ್ಕ ವಿಮಾನ, ಚಿಕ್ಕ ನಿಲ್ದಾಣ. ಎಲ್ಲ ಕಂಪನಿಗಳೂ ಎಲ್ಲ ಮಾರ್ಗದಲ್ಲೂ ಬಂದೂಕು ತೆಗೆದುಕೊಳ್ಳಲೇಬೇಕು ಅಂತೇನಿಲ್ಲ. ಟಿಕೆಟ್ ತೆಗೆಯುವ ಮುಂಚೆ ಕಂಪನಿಯನ್ನು ಕೇಳಿ, ಉತ್ತರವನ್ನು ಇಮೇಲಿನಲ್ಲಿ ತರಿಸಿಕೊಳ್ಳಿ. ಫೋನಿನಲ್ಲಿ "ಆಗುತ್ತೆ ಸರ್" ಅಂದವರು ಕೌಂಟರಿನಲ್ಲಿ ನಿಂತಿರುವುದಿಲ್ಲ.

ಹೊಸಪೇಟೆಯವನು. ಲೈಸೆನ್ಸ್ ಮಾತ್ರ ಬಳ್ಳಾರಿ ಡಿಸಿ ಕೊಟ್ಟಿದ್ದು. ತೊಂದರೆ ಆಗುತ್ತಾ?

2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದ ಮೇಲೆ ಹೂವಿನಹಡಗಲಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ ಕಡೆಯವರೂ ಇದನ್ನೇ ಕೇಳುತ್ತಾರೆ. ಹಳೇ ಲೈಸೆನ್ಸ್ ತಾನಾಗಿ ಸತ್ತುಹೋಗುವುದಿಲ್ಲ. ಆದರೆ ಯುಐಎನ್ (ಲೈಸೆನ್ಸ್‌ದಾರರಿಗೆ ಕೊಡುವ ವಿಶಿಷ್ಟ ಗುರುತಿನ ಸಂಖ್ಯೆ) ಇದೆಯಾ, ಕಂಪ್ಯೂಟರಿನಲ್ಲಿ ನಿಮ್ಮ ಜಿಲ್ಲೆ, ವಿಳಾಸ ಸರಿಯಾಗಿ ಬಂದಿದೆಯಾ ಅಂತ ಹೊಸ ಡಿಸಿ ಆಫೀಸಿನಲ್ಲಿ ನೋಡಿಸಿಕೊಳ್ಳಿ. ಯುಐಎನ್ ಇಲ್ಲದ ಲೈಸೆನ್ಸಿಗೆ ಈಗ ಬೆಲೆಯಿಲ್ಲ. ನವೀಕರಣದ ದಿನಾಂಕವನ್ನೂ ನೋಡಿ. 2019ರ ತಿದ್ದುಪಡಿ ಆದ ಮೇಲೆ ಅವಧಿ 3 ವರ್ಷದ ಬದಲು 5 ವರ್ಷ. ಅದಕ್ಕೇ ಜನ ಮರೆಯುವುದು ಜಾಸ್ತಿಯಾಗಿದೆ.

ಬುಕ್ ಮಾಡುವಾಗ ಏನು ಹೇಳಬೇಕು?

ಇದ್ದದ್ದನ್ನು ಇದ್ದ ಹಾಗೆ. ಯಾವ ಬಂದೂಕು, ಎಷ್ಟು ಬೋರ್ (ನಳಿಕೆಯ ತೂತಿನ ಅಳತೆ), ತೋಟಾ ಎಷ್ಟು, ಲೈಸೆನ್ಸ್ ನಂಬರ್ ಏನು. ಕಂಪನಿಗಳು ಬಂದೂಕಿಗೆ ಬೇರೆ ಶುಲ್ಕ ಹಾಕುತ್ತವೆ, ಮೊತ್ತ ಒಂದೊಂದು ಕಡೆ ಒಂದೊಂದು. ನಡುವೆ ವಿಮಾನ ಬದಲಿಸುವ ಟಿಕೆಟ್ ಬೇಡ, ನೇರ ವಿಮಾನ ನೋಡಿ. ಎರಡು ಬೇರೆ ಕಂಪನಿಯ ಟಿಕೆಟ್ ಆದರೆ ನಡುವಿನ ಊರಿನಲ್ಲಿ ಬಂದೂಕು ಬಿಡಿಸಿಕೊಂಡು ಮತ್ತೆ ಮೊದಲಿನಿಂದ ಎಲ್ಲ ಮಾಡಬೇಕು. ಆ ನಡುವಿನ ಊರು ಯಾವ ರಾಜ್ಯದಲ್ಲಿದೆ ಅನ್ನುವ ಪ್ರಶ್ನೆಯೂ ಬರುತ್ತದೆ.

ಪ್ಯಾಕ್ ಮಾಡುವುದು ಹೇಗೆ?

ಗಟ್ಟಿ ಪೆಟ್ಟಿಗೆ, ಬೀಗ, ಒಳಗೆ ಸ್ಪಂಜು. ಬಟ್ಟೆ ಚೀಲ, ರೆಕ್ಸಿನ್ ಕವರ್ ಸಾಲದು. ಡಬಲ್ ಬ್ಯಾರೆಲ್ ಆದರೆ ನಳಿಕೆ, ಹಿಡಿ ಬಿಚ್ಚಿ ಇಡಿ, ಪೆಟ್ಟಿಗೆಯೂ ಚಿಕ್ಕದಾಗುತ್ತದೆ. ರಿವಾಲ್ವರ್ ಆದರೆ ಸಿಲಿಂಡರಿನ ಪ್ರತಿ ಮನೆ ಖಾಲಿ, ಪಿಸ್ತೂಲ್ ಆದರೆ ಮ್ಯಾಗಜೀನ್ ಹೊರಗೆ ಮತ್ತು ಅದೂ ಖಾಲಿ. ತೋಟಾ ಬೇರೆ ಡಬ್ಬಿಯಲ್ಲಿ, ಆದಷ್ಟೂ ಕಂಪನಿಯ ಮೂಲ ಡಬ್ಬಿಯಲ್ಲೇ ಇರಲಿ. ಪ್ಲಾಸ್ಟಿಕ್ ಕವರಿನಲ್ಲಿ ಸುರಿದುಕೊಂಡು ಬಂದರೆ ವಾಪಸ್ ಕಳಿಸುತ್ತಾರೆ. ಎಣ್ಣೆ ಡಬ್ಬಿ ಹಾಕಬೇಡಿ, ಸುಮ್ನೆ ಇನ್ನೊಂದು ತಕರಾರು.

ಎಷ್ಟು ತೋಟಾ ಒಯ್ಯಬಹುದು?

ನಮ್ಮ ದೇಶದ ವಿಮಾನಗಳಲ್ಲಿ ಸಾಮಾನ್ಯವಾಗಿ 50. ಅಂತರರಾಷ್ಟ್ರೀಯ ನಿಯಮ ತೂಕದ ಮೇಲೆ ಹೋಗುತ್ತದೆ, ಒಬ್ಬ ಪ್ರಯಾಣಿಕನಿಗೆ ಒಟ್ಟು 5 ಕೆಜಿ. ಸ್ಫೋಟ ಕಮ್ಮಿ, ಅಕ್ಕಪಕ್ಕಕ್ಕೆ ಹರಡದು ಅನ್ನುವ 1.4ಎಸ್ ವರ್ಗದ ತೋಟಾಗಳಿಗೆ ಮಾತ್ರ ಈ ಅವಕಾಶ. ಅಂಗಡಿಯಲ್ಲಿ ಸಿಗುವ ಮಾಮೂಲಿ 12 ಬೋರ್, .32 ತೋಟಾ ಈ ವರ್ಗಕ್ಕೇ ಸೇರುತ್ತವೆ. ಸ್ಪರ್ಧೆಗೆ ಹೋಗುವ .22 ಶೂಟರ್‌ಗಳಿಗೆ 50 ಯಾವ ಮೂಲೆಗೂ ಸಾಲದು. ಅವರು ಕಂಪನಿಯಿಂದ ಮೊದಲೇ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಬೇಕು.

ಕೌಂಟರಿನಲ್ಲಿ ಏನೇನು ನಡೆಯುತ್ತದೆ?

ಮನೆಯಲ್ಲೇ ವೆಬ್ ಚೆಕ್-ಇನ್ ಮಾಡಿದ್ದರೂ ಲಗೇಜನ್ನು ಯಂತ್ರದ ಬೆಲ್ಟಿಗೆ ನೀವೇ ಹಾಕುವ ಹಾಗಿಲ್ಲ. ಸಿಬ್ಬಂದಿ ಇರುವ ಕೌಂಟರಿಗೆ ಹೋಗಿ. ಮೂರು ತಾಸು ಮುಂಚೆ ಹೋದರೆ ಎದೆ ಬಡಿದುಕೊಳ್ಳುವುದಿಲ್ಲ.

ಮೊದಲ ಮಾತು ಹೇಗೆ ಆಡುತ್ತೀರಿ ಅನ್ನುವುದು ಮುಖ್ಯ. "ನನ್ನ ಬ್ಯಾಗಿನಲ್ಲಿ ಗನ್ ಇದೆ" ಅಂತ ಜೋರಾಗಿ ಅಂದರೆ ಹಿಂದೆ ನಿಂತ ಅಜ್ಜಿ ಗಾಬರಿಯಾಗುತ್ತಾರೆ, ಸಿಐಎಸ್‌ಎಫ್ ಜವಾನ ತಿರುಗಿ ನೋಡುತ್ತಾನೆ. ಮೊದಲು ಲೈಸೆನ್ಸ್ ಮುಂದಿಟ್ಟು, "ಮೇಡಂ, ಲೈಸೆನ್ಸ್ ಇರೋ ವೆಪನ್ ಡಿಕ್ಲೇರ್ ಮಾಡಬೇಕು, ಬುಕಿಂಗಿನಲ್ಲೇ ಹೇಳಿದ್ದೀನಿ" ಅನ್ನಿ. ಅಷ್ಟೇ.

ಆಮೇಲೆ ಕಂಪನಿಯ ಭದ್ರತಾ ವಿಭಾಗದವರು ಬರುತ್ತಾರೆ. ಪಕ್ಕಕ್ಕೆ ಕರೆದು ಪೆಟ್ಟಿಗೆ ತೆಗೆಸುತ್ತಾರೆ. ಡಬಲ್ ಬ್ಯಾರೆಲ್ ಆದರೆ ನಳಿಕೆಯನ್ನು ದೀಪದ ಕಡೆ ಹಿಡಿದು ನೋಡುತ್ತಾರೆ. ಎರಡು ತೂತಿನಲ್ಲೂ ಆ ಕಡೆಯ ಬೆಳಕು ದುಂಡಗೆ ಕಾಣಬೇಕು. ನಂಬರನ್ನು ಲೈಸೆನ್ಸಿನ ಜೊತೆ ಹೋಲಿಸುತ್ತಾರೆ. ಹಳೇ ಬಂದೂಕಿನಲ್ಲಿ ತುಕ್ಕು ತಿಂದು 3 ಹೋಗಿ 8ರ ಹಾಗೆ ಕಂಡರೆ ಅಲ್ಲೇ ಅರ್ಧ ತಾಸು ಹೋಯಿತು. ಹಿಂದಿನ ದಿನವೇ ಬಟ್ಟೆಯಿಂದ ಒರೆಸಿ, ನಂಬರ್ ಓದಲು ಬರುತ್ತದಾ ನೋಡಿಕೊಳ್ಳಿ. ತೋಟಾ ಡಬ್ಬಿ ತೆಗೆದು ಕೆಂಪು ಚಿಪ್ಪಿನ 12 ಬೋರ್‌ಗಳನ್ನು ಐದೈದಾಗಿ ಸಾಲು ನಿಲ್ಲಿಸಿ ಎಣಿಸುತ್ತಾರೆ. ನೀವು ಫಾರಂನಲ್ಲಿ 25 ಬರೆದು ಅಲ್ಲಿ 26 ಇದ್ದರೆ ಮತ್ತೆ ಮೊದಲಿನಿಂದ. ಬಂದೂಕು ಖಾಲಿ ಇದೆ ಅನ್ನುವ ಘೋಷಣೆಗೆ ಸಹಿ ಹಾಕಿಸಿ, ಬೀಗ ಹಾಕಿಸಿ, ಸೀಲ್ ಮಾಡಿ ಒಯ್ಯುತ್ತಾರೆ. ಅದು ಹೋಗುವುದು ಪ್ರಯಾಣಿಕರ ಕೈಗೆ ಸಿಗದ ಸರಕಿನ ಜಾಗಕ್ಕೆ.

ಒಂದು ಮಾತು. ಅವರು ಹೇಳುವ ತನಕ ಪೆಟ್ಟಿಗೆಗೆ ಕೈ ಹಾಕಬೇಡಿ. ಖಾಲಿ ಮಾಡಿಲ್ಲ ಅಂತ ಅಲ್ಲಿ ನೆನಪಾದರಂತೂ ಬಾಯಲ್ಲಿ ಹೇಳಿ. ಅದನ್ನು ಅದಕ್ಕೆಂದೇ ಇರುವ ಜಾಗದಲ್ಲಿ ಬಲ್ಲವರೇ ಮಾಡಬೇಕು.

ಲೈಸೆನ್ಸ್ ಮೂಲ ಪ್ರತಿಯೇ ಬೇಕು. ಜೆರಾಕ್ಸ್ ಎರಡು ಜೊತೆ ಇಟ್ಟುಕೊಳ್ಳಿ, ಯಾರಾದರೂ ಕೇಳಿಯೇ ಕೇಳುತ್ತಾರೆ.

ಇಳಿದ ಮೇಲೆ?

ಎಲ್ಲರ ಸೂಟ್‌ಕೇಸಿನ ಜೊತೆ ಬೆಲ್ಟಿನ ಮೇಲೆ ಬರುತ್ತದೆ ಅಂತ ಕಾಯಬೇಡಿ. ಸಿಬ್ಬಂದಿ ಕೈಯಾರೆ ಕೊಡುತ್ತಾರೆ, ಗುರುತಿನ ಚೀಟಿ, ಟ್ಯಾಗ್ ತೋರಿಸಿ ಸಹಿ ಹಾಕಿ ತೆಗೆದುಕೊಳ್ಳಬೇಕು. ಸೀಲ್ ಸರಿ ಇದೆಯಾ ಅಲ್ಲೇ ನೋಡಿ. ಏರ್‌ಪೋರ್ಟ್ ಒಳಗೆ ಪೆಟ್ಟಿಗೆ ತೆಗೆಯಬೇಡಿ. ಲಾಡ್ಜಿನಲ್ಲಿ ಇಳಿಯುವುದಿದ್ದರೆ ಅಲ್ಲಿ ಒಪ್ಪುತ್ತಾರಾ ಅಂತಲೂ ಮೊದಲೇ ಕೇಳಿಟ್ಟುಕೊಳ್ಳಿ.

ಕೈಚೀಲದ ಮೂಲೆಯಲ್ಲಿ ಎಂದೋ ಬಿದ್ದ ಒಂದು ಗುಂಡು ಉಳಿದುಬಿಟ್ಟರೆ?

ಎಕ್ಸ್‌ರೇಯಲ್ಲಿ ಸಿಕ್ಕೇ ಸಿಗುತ್ತದೆ. ಆ ವಿಮಾನ ತಪ್ಪಿತು ಅಂದುಕೊಳ್ಳಿ. ಏರ್‌ಪೋರ್ಟ್ ಪೊಲೀಸರಿಗೆ ಒಪ್ಪಿಸುತ್ತಾರೆ, ಕೇಸೂ ಆಗಬಹುದು.

ಹೀಗೆ ಸಿಕ್ಕವರಲ್ಲಿ ಹೆಚ್ಚಿನವರು ಅಪರಾಧಿಗಳಲ್ಲ. ಹೊಲಕ್ಕೆ ಒಯ್ದ ಚೀಲವನ್ನೇ ಊರಿಗೆ ಹೊರಡುವಾಗ ತಂದವರು. ಅಪ್ಪನ ಬ್ಯಾಗ್ ಎತ್ತಿಕೊಂಡು ಕಾಲೇಜಿಗೆ ಹೊರಟ ಹುಡುಗರು. ಗೊತ್ತಿಲ್ಲದೆ ಇಟ್ಟುಕೊಂಡಿದ್ದು ಅಪರಾಧವಾಗುವುದಿಲ್ಲ, ಇದೆ ಅನ್ನುವ ಅರಿವು ಇರಬೇಕು ಅಂತ ಸುಪ್ರೀಂ ಕೋರ್ಟ್ 1972ರಲ್ಲೇ ಗುಣವಂತಲಾಲ್ ಪ್ರಕರಣದಲ್ಲಿ ಹೇಳಿದೆ. ಆ ಮಾತು ಹಿಡಿದು ಹೈಕೋರ್ಟುಗಳು ಒಂಟಿ ಗುಂಡಿನ ಎಷ್ಟೋ ಕೇಸುಗಳನ್ನು ರದ್ದು ಮಾಡಿವೆ. ಆದರೆ ಅದು ಹೈಕೋರ್ಟಿಗೆ ಹೋದ ಮೇಲೆ ಸಿಗುವ ನ್ಯಾಯ. ವಕೀಲರ ಫೀಸು, ಓಡಾಟ, ಪಾಸ್‌ಪೋರ್ಟ್ ಕೆಲಸಕ್ಕೆ ಬೀಳುವ ಅಡ್ಡಿ ಎಲ್ಲ ನಿಮ್ಮ ಲೆಕ್ಕಕ್ಕೇ.

ಮನೆಯಲ್ಲಿ ಬಂದೂಕು ಇದೆ ಅಂದರೆ ಅದಕ್ಕೆ ಒಂದು ಚೀಲ ಮೀಸಲಿಡಿ. ಆ ಚೀಲ ಬೇರೆ ಯಾವ ಕೆಲಸಕ್ಕೂ ಬೇಡ, ಸಂತೆಗೂ ಬೇಡ. ಹೊರಡುವ ಮುಂಚೆ ಕೈಚೀಲವನ್ನು ತಲೆಕೆಳಗೆ ಮಾಡಿ ಕೊಡವಿ. ಖಾಲಿ ಚಿಪ್ಪು ಕೂಡ ಇರಬಾರದು, ಅದಕ್ಕೂ ವಿವರಣೆ ಕೊಡುತ್ತಾ ನಿಲ್ಲಬೇಕಾಗುತ್ತದೆ.

ನಮ್ಮದು ಮದ್ದು ತುಂಬುವ ನಾಡಬಂದೂಕು. ಒಯ್ಯಬಹುದಾ?

ಮದ್ದು ವಿಮಾನಕ್ಕೆ ಹತ್ತುವುದೇ ಇಲ್ಲ, ಕೈಚೀಲದಲ್ಲೂ ಇಲ್ಲ, ಲಗೇಜಿನಲ್ಲೂ ಇಲ್ಲ. ಮದ್ದಿಗೆ ಕಿಡಿ ಹೊತ್ತಿಸುವ ಬಿಡಿ ಕೇಪೂ ಅಷ್ಟೇ. ನಳಿಕೆಯಲ್ಲಿ ಹಳೇ ಮದ್ದಿನ ಪುಡಿ ಉಳಿದಿದ್ದರೂ ಕಷ್ಟ. ಅದೂ ಅಲ್ಲದೆ, ಬೆಳೆ ಕಾಯಲಿಕ್ಕೆ ಕೊಟ್ಟ ಲೈಸೆನ್ಸ್ ಅದು. ಹೊಲ ಬಿಟ್ಟು ಅದಕ್ಕೆ ವಿಮಾನದಲ್ಲಿ ಏನು ಕೆಲಸ?

ಮಗಳ ಏರ್ ರೈಫಲ್‌ಗೂ ಇದೆಲ್ಲ ಬೇಕಾ?

.177 ಅಂದರೆ 4.5 ಮಿ.ಮೀ. ಬೋರ್ ಇದ್ದು, ಹೊಡೆತದ ಶಕ್ತಿ 20 ಜೌಲ್ ಒಳಗಿದ್ದರೆ 2016ರ ನಿಯಮದಲ್ಲಿ ಲೈಸೆನ್ಸ್ ಬೇಡ. ಲೈಸೆನ್ಸ್ ಬೇಡ ಅಂದ ಮಾತ್ರಕ್ಕೆ ಕೈಯಲ್ಲಿ ಹಿಡಿದು ಹತ್ತುವ ಹಾಗಿಲ್ಲ. ಏರ್‌ಪೋರ್ಟಿನ ಕಣ್ಣಿಗೆ ಅದೂ ಬಂದೂಕೇ. ಗಟ್ಟಿ ಪೆಟ್ಟಿಗೆ, ಘೋಷಣೆ, ಚೆಕ್-ಇನ್ ಎಲ್ಲ ಬೇಕು.

ತಕರಾರು ಬರುವುದು ರೈಫಲ್ಲಿಗಲ್ಲ, ಗಾಳಿ ಸಿಲಿಂಡರಿಗೆ. ಪೂರ್ತಿ ಖಾಲಿ ಮಾಡಿ, ರೈಫಲ್‌ನಿಂದ ಬಿಚ್ಚಿ, ಮೀಟರ್ ಸೊನ್ನೆ ತೋರಿಸುವ ಹಾಗೆ ಇಡಿ. ನನಗೆ ಗೊತ್ತಿರುವ ಒಬ್ಬ ಹುಡುಗಿಯನ್ನು ಒಂದು ಕೌಂಟರಿನಲ್ಲಿ ಇದೇ ಸಿಲಿಂಡರಿಗಾಗಿ ಬೋರ್ಡಿಂಗ್ ಮುಚ್ಚುವ ತನಕ ನಿಲ್ಲಿಸಿದ್ದರು. ಖಾಲಿ ಇದೆ ಅಂತ ಅವಳು ಹೇಳುತ್ತಲೇ ಇದ್ದಳು, ಮೀಟರ್ ನೋಡುವುದು ಅಲ್ಲಿದ್ದವರಿಗೆ ಬರುತ್ತಿರಲಿಲ್ಲ. ಸ್ಪರ್ಧೆಯ ಆಹ್ವಾನ ಪತ್ರ, ಕ್ಲಬ್ಬಿನ ಪತ್ರ, ರೈಫಲ್ ಬಿಲ್ಲು, ಶಕ್ತಿ ಎಷ್ಟು ಅಂತ ತಯಾರಕರು ಕೊಟ್ಟ ಕಾಗದ ಪೆಟ್ಟಿಗೆಯ ಒಳಗಲ್ಲ, ಕೈಯಲ್ಲಿ ಇರಲಿ. ಮಕ್ಕಳ ಜೊತೆ ದೊಡ್ಡವರೊಬ್ಬರು ಹೋಗಲಿ.

ನಾನು ಬರಲಾಗಲ್ಲ. ತಮ್ಮನ ಕೈಲಿ ಕಳಿಸಿದರೆ?

ರಿಪೇರಿಗೋ ಲೈಸೆನ್ಸ್ ನವೀಕರಣಕ್ಕೋ ನಿಮ್ಮ ಲಿಖಿತ ಒಪ್ಪಿಗೆ ಹಿಡಿದು ಬೇರೆಯವರು ಒಯ್ಯಬಹುದು ಅಂತ ಕಾಯ್ದೆಯ ಸೆಕ್ಷನ್ 3ರಲ್ಲಿ ಇದೆ. ಅದನ್ನು ನಂಬಿ ವಿಮಾನಕ್ಕೆ ಕಳಿಸಬೇಡಿ. ಲೈಸೆನ್ಸಿನ ಹೆಸರು, ಟಿಕೆಟಿನ ಹೆಸರು ಒಂದೇ ಇಲ್ಲದಿದ್ದರೆ ಕೌಂಟರಿನಲ್ಲಿ ಒಪ್ಪುವುದಿಲ್ಲ. ಕೊರಿಯರಂತೂ ಬೇಡವೇ ಬೇಡ.

ನೆಂಟರ ಮದುವೆಗೆ ಗೌರವಕ್ಕೆ ಒಯ್ಯೋಣ ಅಂತ.

ಬೇಡ. ಜಾತ್ರೆ, ಮೆರವಣಿಗೆ, ಜನ ಸೇರುವ ಕಡೆ ಬಂದೂಕು ತರಬಾರದು ಅನ್ನುವುದು ಲೈಸೆನ್ಸಿನ ಶರತ್ತೇ. ಸಂಭ್ರಮಕ್ಕೆ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ 2019ರ ತಿದ್ದುಪಡಿಯಲ್ಲಿ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ ಅಥವಾ ಎರಡೂ. ಗೌರವಕ್ಕೆ ಒಂದು ಒಳ್ಳೆ ರೇಷ್ಮೆ ಶಲ್ಯ ಸಾಕು.

ಕೊಡಗಿನವರಿಗೆ ಲೈಸೆನ್ಸೇ ಬೇಡವಂತೆ, ನಮಗೂ ಹಾಗೇನಾದರೂ ಇದೆಯಾ?

ಇಲ್ಲ. ಆ ವಿನಾಯಿತಿ ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ಹಳೇ ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೆ ಮಾತ್ರ. ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿದೆ.

ವಿದೇಶಕ್ಕೆ?

ನಮ್ಮ ಲೈಸೆನ್ಸ್ ದೇಶದ ಗಡಿಗೇ ಮುಗಿಯುತ್ತದೆ. ಆಚೆ ಆ ದೇಶದ ಅನುಮತಿ, ಈ ಕಡೆ ಹೊರಗೆ ಒಯ್ಯುವ ಮತ್ತು ವಾಪಸ್ ತರುವ ಅನುಮತಿ, ಕಸ್ಟಮ್ಸ್. ರಾಷ್ಟ್ರೀಯ ತಂಡದ ಶೂಟರ್‌ಗಳಿಗೆ ಸಂಸ್ಥೆಯೇ ಇದನ್ನೆಲ್ಲ ಮಾಡಿಸುತ್ತದೆ. ಉಳಿದವರು ಆ ಯೋಚನೆ ಬಿಡುವುದು ಒಳ್ಳೆಯದು.

ಜಾತ್ರೆಯಲ್ಲಿ ಮಗನಿಗೆ ಕೊಡಿಸಿದ ಆಟದ ಪಿಸ್ತೂಲು?

ನಿಜದ್ದರ ಹಾಗೆ ಕಾಣುವುದನ್ನು ಕೈಚೀಲದಲ್ಲಿ ಬಿಡುವುದಿಲ್ಲ. ಲಗೇಜಿಗೆ ಹಾಕಿ. ಪಟಾಕಿ ರೀಲು ಎಲ್ಲೂ ಬೇಡ, ಮನೆಯಲ್ಲೇ ಬಿಡಿ.

ಊರಲ್ಲಿ ಇಲ್ಲದಾಗ ಚುನಾವಣೆ ಘೋಷಣೆಯಾದರೆ?

ನೀತಿ ಸಂಹಿತೆ ಬಂದ ಮೇಲೆ ಬಂದೂಕು ಠೇವಣಿ ಇಡಲು ಡಿಸಿ ಆದೇಶ ಹೊರಡಿಸುತ್ತಾರೆ. ಉಪಚುನಾವಣೆಗೂ ನೀತಿ ಸಂಹಿತೆ ಬರುತ್ತದೆ, 2024ರ ನವೆಂಬರಿನ ಸಂಡೂರು ಉಪಚುನಾವಣೆಗೆ ಬಂದಿತ್ತಲ್ಲ. ಬ್ಯಾಂಕ್ ಕಾವಲಿನವರಿಗೆ, ಸ್ಪರ್ಧೆಯಲ್ಲಿರುವ ಶೂಟರ್‌ಗಳಿಗೆ ಸಾಮಾನ್ಯವಾಗಿ ವಿನಾಯಿತಿ ಇರುತ್ತದೆ, ಆದರೆ ಅರ್ಜಿ ಕೊಟ್ಟು ಕೇಳಿಕೊಳ್ಳಬೇಕು.

ನೀವು ಹೊರಗಿದ್ದರೆ ನಿಮ್ಮ ಠಾಣೆಗೆ ಫೋನ್ ಮಾಡಿ, ಬಂದೂಕು ನನ್ನ ಜೊತೆ ಇದೆ, ಇಂಥ ದಿನ ಬರುತ್ತೇನೆ ಅಂತ ತಿಳಿಸಿ. ಬರಹದಲ್ಲೂ ಕಳಿಸಿ. ಬಂದ ಕೂಡಲೇ ಠಾಣೆಯಲ್ಲಿ ಅಥವಾ ಲೈಸೆನ್ಸ್ ಇರುವ ಬಂದೂಕು ಅಂಗಡಿಯಲ್ಲಿ ಇಟ್ಟು ರಸೀದಿ ತೆಗೆದುಕೊಳ್ಳಿ. ರಸೀದಿಯಲ್ಲಿ ಬಂದೂಕಿನ ನಂಬರ್ ಜೊತೆಗೆ ತೋಟಾ ಎಷ್ಟು ಅನ್ನುವುದನ್ನೂ ಬರೆಸಿ. ಫಲಿತಾಂಶ ಬಂದು ಒಂದು ವಾರದ ಮೇಲೆ ವಾಪಸ್ ಕೇಳಲು ಹೋದಾಗ ಅದೇ ಕಾಗದ ಕೇಳುತ್ತಾರೆ.